ಹೇವಿಳಂಬಿ, ಯಾವ ಹೇವಿಳಂಬಿ?

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯ ದಿನವನ್ನು ಕಲ್ಲಿಗೆ ಹಾಕಿಸಿದವರು ಬಲು ಎಚ್ಚರಿಕೆಯ ಜನ. ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ, ಶನಿವಾರ. ಒಂದು ದಿನಕ್ಕೆ ಇಷ್ಟು ಗೂಟ. ಲೆಕ್ಕ ಹಾಕಿದರೆ 1117ರ ಮಾರ್ಚ್ 10 ಬರುತ್ತದೆ, ಅಂದು ಶನಿವಾರವೇ ಹೌದು.

ಎಲ್ಲ ಕಲ್ಲುಗಳೂ ಇಷ್ಟು ಉದಾರವಲ್ಲ. ಶಕವರ್ಷ ಬಿಟ್ಟು ಸಂವತ್ಸರದ ಹೆಸರನ್ನಷ್ಟೇ ಹೇಳುವ ವೀರಗಲ್ಲುಗಳು ಬೇಕಾದಷ್ಟಿವೆ. ಸಂವತ್ಸರಗಳು ಅರವತ್ತೇ. ಸುತ್ತು ಮುಗಿದರೆ ಮತ್ತೆ ಮೊದಲಿಂದ. ಹೊಯ್ಸಳರ ಕಾಲದಲ್ಲೇ ಹೇವಿಳಂಬಿ 1117, 1177, 1237, 1297ರಲ್ಲಿ ಬಂದು ಹೋಗಿದೆ. ಆಗ ಶಾಸನ ಓದುವವರು ಅರಸನ ಹೆಸರು ಹುಡುಕುತ್ತಾರೆ. ವಿಷ್ಣುವರ್ಧನ ಎಂದಿದ್ದರೆ 1117, ಸೋಮೇಶ್ವರ ಎಂದಿದ್ದರೆ 1237. ಬರೀ ‘ವೀರಬಲ್ಲಾಳ’ ಎಂದಿದ್ದರೆ ಮಾತ್ರ ಕಷ್ಟ. ಇಮ್ಮಡಿ ಬಲ್ಲಾಳನಿಗೂ ಒಂದು ಹೇವಿಳಂಬಿ ಸಿಕ್ಕಿದೆ, ಮುಮ್ಮಡಿ ಬಲ್ಲಾಳನಿಗೂ ಒಂದು. ನಡುವೆ 120 ವರ್ಷ. ಆಮೇಲೆ ಅಕ್ಷರದ ಮೋಡಿ, ತಿಥಿ-ವಾರಗಳ ತಾಳೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟದಲ್ಲಿ ಬೇಲೂರು, ಹಳೇಬೀಡು, ಅರಸೀಕೆರೆಯ ಶಾಸನಗಳನ್ನು ತಿರುವಿ ಹಾಕುವವರಿಗೆ ಇಸವಿಯ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯ ಪರಿಚಯ ಬೇಗ ಆಗುತ್ತದೆ.

ಈ ಸಂಪುಟದಲ್ಲಿ ಕಣ್ಣಾಡಿಸುವಾಗಲೇ ನನಗೆ ವೈಟುಕೆ, ಅಂದರೆ ಎರಡೇ ಅಂಕಿಯಲ್ಲಿ ಬರೆದ ಇಸವಿಯಿಂದಾಗಿ ಕಂಪ್ಯೂಟರುಗಳು 2000ವನ್ನು 1900 ಎಂದುಕೊಳ್ಳುವ ತೊಂದರೆ, ನೆನಪಾದದ್ದು. ಶತಮಾನ ಕಾಣೆಯಾದ ತೇದಿಯನ್ನು ಸುತ್ತಲಿನ ಸಾಕ್ಷ್ಯದಿಂದ ಗುರುತಿಸುವ ಇದೇ ಕಸುಬನ್ನು 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸಾವಿರಾರು ಹುಡುಗ ಹುಡುಗಿಯರು ಮಾಡಿದರು. ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಓದಿ, ಅರಸೀಕೆರೆ ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲು ಹಿಡಿದ ತಲೆಮಾರು ಅದು.

ತೊಂದರೆಯ ಬೇರು ಹಳೆಯದು. ಪ್ರೋಗ್ರಾಮು ಬರೆಯುವ ಕೋಬಾಲ್ ಭಾಷೆ ರೂಪುಗೊಂಡದ್ದು 1959-60ರಲ್ಲಿ. ಆಗ ಒಂದು ಪಂಚ್ ಕಾರ್ಡಿನಲ್ಲಿ 80 ಅಂಕಣ, ಮೆಮೊರಿ ಚಿನ್ನದ ಬೆಲೆ. 1967 ಎಂದು ಬರೆಯುವ ಬದಲು 67 ಎಂದರೆ ಎರಡು ಅಂಕಣ ಉಳಿತಾಯ. ಅಮೆರಿಕದ ಕೇಂದ್ರ ಬ್ಯಾಂಕಿನ ಅಂದಿನ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್ ಕೂಡ 1960-70ರ ದಶಕಗಳಲ್ಲಿ ಇಂಥ ಪ್ರೋಗ್ರಾಮ್ ಬರೆದು ಹೆಮ್ಮೆಪಟ್ಟಿದ್ದಾಗಿ 1998ರಲ್ಲಿ ಒಪ್ಪಿಕೊಂಡರು. ಕಂಪ್ಯೂಟರ್ ತಜ್ಞ ಬಾಬ್ ಬೆಮರ್ 1971ರಲ್ಲೇ ಎಚ್ಚರಿಸಿದ್ದರು, ಕೇಳಿದವರು ಕಡಿಮೆ. ಶಕವರ್ಷವನ್ನೂ ಸೇರಿಸಿ ಕೊರೆಸಿದ ಬೇಲೂರಿನವರು ಕಲ್ಲಿನ ಜಾಗಕ್ಕೆ ಜಿಪುಣತನ ಮಾಡಲಿಲ್ಲ ನೋಡಿ.

2000 ಹತ್ತಿರವಾದಂತೆ ವಿದೇಶಿ ಬ್ಯಾಂಕು, ವಿಮೆ ಕಂಪನಿಗಳ ಲಕ್ಷಾಂತರ ಸಾಲುಗಳ ಪ್ರೋಗ್ರಾಮುಗಳು ತಿದ್ದುಪಡಿಗೆಂದು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿಗೆ ಬಂದವು. 1991ರಲ್ಲಿ ಶುರುವಾದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಅದಕ್ಕೆ ದಾರಿ ಮಾಡಿಟ್ಟಿತ್ತು. ಸಾಲುಗಳಲ್ಲಿ ತೇದಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದೇ ದೊಡ್ಡ ಕೆಲಸ, ತಿದ್ದುವುದು ಆಮೇಲಿನದು. ಮೊದಲ ಉಪಾಯ ಹೆಸರಿನ ಬೇಟೆ: ‘ಡೇಟ್’, ‘ಡಿಟಿ’, ‘ವೈವೈ’ ಎಂಬ ಅಕ್ಷರಗಳಿರುವ ಜಾಗಗಳನ್ನೆಲ್ಲ ಪಟ್ಟಿ ಮಾಡುವುದು. ‘ಅಪ್‌ಡೇಟ್’ ಎಂಬ ಹೆಸರೂ ಬಲೆಗೆ ಬೀಳುತ್ತಿತ್ತು, ‘ಎಕ್ಸ್1’ ಎಂದು ಹೆಸರಿಟ್ಟ ಹುಟ್ಟಿದ ದಿನಾಂಕ ತಪ್ಪಿಸಿಕೊಳ್ಳುತ್ತಿತ್ತು.

ಹಾಗಾಗಿ ಉಪಕರಣಗಳು ಹೆಸರು ಬಿಟ್ಟು ಹರಿವಿನ ಬೆನ್ನು ಹತ್ತಿದವು. ಇದು ತೇದಿಯೇ ಎಂದು ಖಾತ್ರಿಯಿರುವ ಒಂದು ಜಾಗವನ್ನು ಮನುಷ್ಯ ತೋರಿಸುತ್ತಾನೆ. ಅದರ ಬೆಲೆಯನ್ನು ‘ಮೂವ್’ ಆಜ್ಞೆ ಇನ್ನೊಂದಕ್ಕೆ ಸಾಗಿಸಿದ್ದರೆ ಅದೂ ತೇದಿ, ಅದನ್ನು ಮತ್ತೊಂದರೊಂದಿಗೆ ಹೋಲಿಸಿದ್ದರೆ ಆ ಮತ್ತೊಂದೂ ಬಹುಶಃ ತೇದಿ. ಯಂತ್ರ ಈ ಸಂಬಂಧಗಳನ್ನು ಹಿಡಿದು ಪಟ್ಟಿ ಮುಂದಿಡುತ್ತದೆ. ಕೂತವರು ಹೌದು, ಅಲ್ಲ ಎನ್ನುತ್ತಾರೆ. ಆ ಉತ್ತರ ಹಿಡಿದು ಯಂತ್ರ ಮತ್ತೆ ಹೊರಡುತ್ತದೆ.

ಈ ಸಂಭಾಷಣೆಗೆ ಪೂರ್ವಜರಿದ್ದರು. 1970ರ ದಶಕದಲ್ಲೇ ಇಂಟರ್‌ಲಿಸ್ಪ್ ಎಂಬ ವ್ಯವಸ್ಥೆಯ ‘ಮಾಸ್ಟರ್‌ಸ್ಕೋಪ್’ಗೆ ಪ್ರೋಗ್ರಾಮಿನ ಈ ಭಾಗವನ್ನು ಯಾವ ಯಾವ ಭಾಗಗಳು ಕರೆಯುತ್ತವೆ ಎಂದು ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಕೇಳಬಹುದಿತ್ತು. ಕಂಪ್ಯೂಟರ್ ವಿಜ್ಞಾನಿ ಮಾರ್ಕ್ ವೈಸರ್ 1981ರಲ್ಲಿ ಪ್ರೋಗ್ರಾಮಿನಿಂದ ಒಂದು ಬೆಲೆಗೆ ಸಂಬಂಧಪಟ್ಟ ಸಾಲುಗಳನ್ನಷ್ಟೇ ಕೊಯ್ದು ತೆಗೆಯುವ ವಿಧಾನ ಮುಂದಿಟ್ಟರು. ತಪ್ಪು ಹುಡುಕುವಾಗ ಪಳಗಿದವರ ಮನಸ್ಸು ತಾನಾಗಿ ಹೀಗೇ ಕೊಯ್ಯುತ್ತದೆ ಎಂಬುದನ್ನು ಮರುವರ್ಷ ಪ್ರಯೋಗದಿಂದ ತೋರಿಸಿದರು. ಈಗ ಟೈಪ್ ಮಾಡುತ್ತಿದ್ದಂತೆ ಕೆಂಪು ಗೆರೆ ಎಳೆಯುವ ಎಡಿಟರುಗಳದ್ದೂ ಇದೇ ವಂಶ. ಆದರೆ ಈ ವಂಶದ ಕತೆ ಹೇಳುವವರು ಪ್ರಯೋಗಾಲಯಗಳಿಂದ ಸೀದಾ ಇವತ್ತಿಗೆ ಜಿಗಿಯುತ್ತಾರೆ. ನಡುವೆ ರಾತ್ರಿಪಾಳಿಯಲ್ಲಿ ‘ಹೌದು, ಅಲ್ಲ’ ಒತ್ತಿದವರಿಗೆ ಅಲ್ಲಿ ಜಾಗವಿಲ್ಲ.

ಹುಡುಕಿ ಸಿಕ್ಕ ತೇದಿಗಳನ್ನೆಲ್ಲ ನಾಲ್ಕಂಕಿಗೆ ಹಿಗ್ಗಿಸಬೇಕೆಂದರೆ ಕಡತಗಳೆಲ್ಲ ಬದಲಾಗಬೇಕು. ಅದಕ್ಕೆ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಆಗ ಅನೇಕರು ಮಾಡಿದ್ದು ಶಾಸನತಜ್ಞರ ಉಪಾಯವನ್ನೇ: ಒಂದು ಕಿಟಕಿ ಕಟ್ಟಿದರು. ಗಡಿ 50 ಎಂದಿಟ್ಟರೆ 50ರಿಂದ 99ರವರೆಗಿನದು 1900ರ ದಶಕಗಳಿಗೆ, 00ಯಿಂದ 49ರವರೆಗಿನದು 2000ದ ದಶಕಗಳಿಗೆ. ಸೋಮೇಶ್ವರ ಎಂದರೆ 1237 ಎನ್ನುವಂತೆಯೇ. ಆದರೆ ಅರಸ ಸತ್ತ ಮೇಲೂ ಅವನ ಹೇವಿಳಂಬಿ ಬದಲಾಗುವುದಿಲ್ಲ. ಕಂಪ್ಯೂಟರಿನಲ್ಲೋ ಹೊಸ ತೇದಿಗಳು ದಿನಾ ಬರುತ್ತಲೇ ಇರುತ್ತವೆ, ಕಿಟಕಿ ಕೆಲವೇ ದಶಕಕ್ಕೆ.

2000ದ ಜನವರಿ 1ರಂದು ವಿಮಾನ ಬೀಳಲಿಲ್ಲ, ಬ್ಯಾಂಕು ಮುಳುಗಲಿಲ್ಲ. ಅದಕ್ಕೇ ಇರಬೇಕು, ಇದೆಲ್ಲ ಕಂಪನಿಗಳು ಹಬ್ಬಿಸಿದ ಗುಮ್ಮ ಎಂದು ಜನ ನಕ್ಕರು. ಕೆಲಸ ಮಾಡಿದ್ದರಿಂದಲೇ ಏನೂ ಆಗಲಿಲ್ಲ ಎಂಬ ವಾದಕ್ಕೆ ಸಾಕ್ಷಿ ಬೇಕಾದರೆ ಆ ಉಪಕರಣಗಳೂ ಅವು ಉಗುಳಿದ ಪಟ್ಟಿಗಳೂ ಬೇಕು. ಆದರೆ ಪ್ರೋಗ್ರಾಮು ಗಿರಾಕಿಯದು, ಗುಟ್ಟು ಕಾಯುವುದು ಕರಾರು, ಉಪಕರಣ ಕಂಪನಿಯ ಸ್ವಂತದ್ದು. ನೋಡಬೇಕೆಂದರೆ ಯಾವ ಬಾಗಿಲು ತಟ್ಟುವುದು? ರೈಸ್ ಅವರ ಪ್ರಶ್ನಾರ್ಥಕ ಚಿಹ್ನೆಗಳನ್ನು ನೂರಿಪ್ಪತ್ತು ವರ್ಷದ ಮೇಲೂ ಯಾವುದೇ ದೊಡ್ಡ ಗ್ರಂಥಾಲಯದಲ್ಲಿ ತೆಗೆದು ತಕರಾರು ಮಾಡಬಹುದು. ನಮ್ಮ ಕಣ್ಣೆದುರು ಆದ ಕೆಲಸಕ್ಕೆ ಆ ಭಾಗ್ಯವಿಲ್ಲ ಎಂದರೆ ಸಿಟ್ಟು ಬರುತ್ತದೆ.

ಸಿಟ್ಟು ಬರೀ ನೆನಪಿನದ್ದಲ್ಲ. 2020ರ ಜನವರಿ 1ರಂದು ಸ್ಪ್ಲಂಕ್ ಎಂಬ ಜನಪ್ರಿಯ ತಂತ್ರಾಂಶ ಎರಡಂಕಿಯ ಇಸವಿಗಳನ್ನು ಗುರುತಿಸಲಾರದ ಸ್ಥಿತಿಗೆ ಬರುವುದರಲ್ಲಿತ್ತು, ಕಂಪನಿ ಮೊದಲೇ ಎಚ್ಚರಿಸಿ ತಿದ್ದುಪಡಿ ಕೊಟ್ಟಿತು. ಗಡಿ 50 ಎಂದಿಟ್ಟ ಕಿಟಕಿಗಳಿಗೆ 2050ರವರೆಗೆ ಬಿಡುವಿದೆ ಎನ್ನುವಂತೆಯೂ ಇಲ್ಲ. 2020ರಲ್ಲಿ ಮೂವತ್ತು ವರ್ಷದ ಮನೆ ಸಾಲ ಕೊಟ್ಟರೆ ಕೊನೆಯ ಕಂತು ಬೀಳುವುದು 2050ಕ್ಕೆ, ಅಂಥ ಪ್ರೋಗ್ರಾಮು ಅದನ್ನು 1950 ಎಂದು ಓದುತ್ತದೆ. ಗಡಿ ಎಷ್ಟೆಂದು ಗೊತ್ತುಮಾಡಿದವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ. ಅದು ಯಾವ ಸಾಲಿನಲ್ಲಿದೆ ಎಂದು ಹುಡುಕಲು ಹೊಸಬರು ಹೊಸ ಉಪಕರಣ ಕಟ್ಟಿಕೊಳ್ಳಬೇಕು.