ಅಜ್ಜನ ಟ್ರಂಕಿನ ಅಂಚೆ ಚೀಟಿಗೆ ಬೆಲೆ ಎಷ್ಟು?

ಧಾರವಾಡದಿಂದ ಬೆಳಗಾವಿ ಕಡೆ ಹೊರಟರೆ ಹೆದ್ದಾರಿಯ ಮಗ್ಗುಲಲ್ಲೇ ಬೇಲೂರು ಕೈಗಾರಿಕಾ ಪ್ರದೇಶ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ಪರಿಚಿತರೊಬ್ಬರು ಮಳೆಗಾಲದ ಒಂದು ಸಂಜೆ ಶಿಫ್ಟ್ ಮುಗಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನಾಲ್ಕು ದಪ್ಪ ಆಲ್ಬಮ್ ಹೊತ್ತು ನಮ್ಮ ಮನೆಗೆ ಬಂದರು. ಜೊತೆಗೆ ಆಗಷ್ಟೇ ಪಿಯುಸಿ ಪಾಸಾದ ಮಗಳು.

"ಸರ್ರ, ನಮ್ಮಪ್ಪ ಕೂಡಿಸಿಟ್ಟಿದ್ದು. ಇದರಾಗ ಈಕಿ ಕಾಲೇಜಿನ ಫೀ ಗಿಟ್ಟತೈತೇನ್ರಿ?"

ಅಷ್ಟರಲ್ಲಾಗಲೇ ವ್ಯಾಪಾರಿಯೊಬ್ಬ ನೋಡಿ ಹೋಗಿದ್ದ. ನಾಲ್ಕಕ್ಕೂ ಸೇರಿ 3,000 ರೂಪಾಯಿ ಎಂದಿದ್ದ. ಹೊರಡುವಾಗ, "ಟ್ರಂಕಿನ್ಯಾಗ ಆ ಹಳೀ ಕಾಗದದ ಗಂಟು ಐತೆಲ್ಲ, ಅದನ್ನೂ ಇದರ ಜೋಡಿ ಕೊಟ್ಟುಬಿಡ್ರಿ. ನಿಮಗ್ಯಾಕ ಬೇಕು ಆ ರದ್ದಿ?" ಅಂದನಂತೆ. ನನ್ನ ಕಿವಿ ನಿಮಿರಿದ್ದು ಈ ಮಾತಿಗೆ. ಗಂಟು ಇನ್ನೂ ಮನೆಯಲ್ಲೇ ಇದೆ ಎಂದಾಗ ಸಮಾಧಾನವಾಯಿತು.

ಮೊದಲು ಆಲ್ಬಮ್‌ಗಳ ಸಂಗತಿ. ನೋಡಲು ಎರಡು ಕಣ್ಣು ಸಾಲದು. ಹಂಗೇರಿಯ ಚಿಟ್ಟೆಗಳು, ಪೋಲೆಂಡಿನ ಕುದುರೆಗಳು, ಬಲ್ಗೇರಿಯಾದ ರಾಕೆಟ್ಟುಗಳು. ಆದರೆ ಇವುಗಳಲ್ಲಿ ಬಹುಪಾಲು ಒಂದು ದಿನವೂ ಪತ್ರದ ಮೇಲೆ ಪ್ರಯಾಣ ಮಾಡಿದವಲ್ಲ. ಹವ್ಯಾಸಿಗಳಿಗೆ ಮಾರಲೆಂದೇ ಅಲ್ಲಿಯ ಸರ್ಕಾರಗಳು ರಾಶಿ ರಾಶಿ ಮುದ್ರಿಸಿ, ಮೊದಲೇ ಠಸ್ಸೆ ಹೊಡೆಸಿ ಹಂಚಿದ ಚೀಟಿಗಳು. ಗುರುತಿಸುವುದು ಸುಲಭ. ಠಸ್ಸೆ ಒಂದು ಮೂಲೆಯಲ್ಲಿ ಅಚ್ಚುಕಟ್ಟಾಗಿ ಬಿದ್ದಿರುತ್ತದೆ, ಹಿಂಬದಿಯ ಗೋಂದು ಹಾಗೇ ಉಳಿದಿರುತ್ತದೆ. ಅಜ್ಮಾನ್, ಶಾರ್ಜಾ ಹೆಸರಿನ 1960-70ರ ದಶಕದ ಬಣ್ಣದ ಚೀಟಿಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅಪವಾದ ಇಲ್ಲದಿಲ್ಲ. ಭೂತಾನ ದೇಶ 1973ರಲ್ಲಿ ಗ್ರಾಮಾಫೋನಿನಲ್ಲಿ ಹಾಕಿ ಕೇಳಬಹುದಾದ ಪುಟ್ಟ ರೆಕಾರ್ಡಿನಂಥ ಚೀಟಿ ತಂದಿತ್ತು. ಅದಿದ್ದರೆ ಬಿಡಬೇಡಿ. ಇವರಲ್ಲಿ ಇರಲಿಲ್ಲ.

"ಹಳೇದು ಅಂದ್ರ ರೊಕ್ಕ ಬರೂದಿಲ್ಲೇನ್ರಿ?" ಎಂದಳು ಹುಡುಗಿ. ಜಗತ್ತಿನ ಮೊದಲ ಅಂಚೆ ಚೀಟಿ, 1840ರ ಬ್ರಿಟನ್ನಿನ ಪೆನ್ನಿ ಬ್ಲ್ಯಾಕ್, ಸುಮಾರು 6.8 ಕೋಟಿ ಅಚ್ಚಾಗಿತ್ತು. ಆದ್ದರಿಂದಲೇ ಅದು ಇಂದಿಗೂ ದುಡ್ಡು ಕೊಟ್ಟರೆ ಸಿಗುವ ವಸ್ತು. ವಯಸ್ಸಿಗಿಂತ ಎಷ್ಟು ಉಳಿದಿವೆ, ಎಷ್ಟು ಜನ ಬೇಡುತ್ತಾರೆ, ಸ್ಥಿತಿ ಹೇಗಿದೆ ಎಂಬುದೇ ಮುಖ್ಯ.

ಭಾರತದ ಪುಟಗಳಲ್ಲಿ 1948ರ ಆಗಸ್ಟ್ 15ರ ಗಾಂಧೀಜಿ ಇದ್ದರು. ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ, 10 ರೂಪಾಯಿ, ಹೀಗೆ ನಾಲ್ಕೂ. ಅಪ್ಪ-ಮಗಳ ಆಸೆಯೆಲ್ಲ ಆ ಹತ್ತು ರೂಪಾಯಿಯ ಮೇಲೆ. ಗವರ್ನರ್ ಜನರಲ್ ಕಚೇರಿಗೆಂದು 'ಸರ್ವಿಸ್' ಎಂದು ಮೇಲಚ್ಚು ಹಾಕಿದ ಇದೇ ಚೀಟಿಯ ನಾಲ್ಕರ ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. ಇವರದ್ದಕ್ಕೆ ಆ ಮೇಲಚ್ಚು ಇರಲಿಲ್ಲ. ಅದಕ್ಕಿಂತ ಕಸಿವಿಸಿಯ ಸಂಗತಿ ಬೇರೆ. ಅಸಲಿ ಚೀಟಿ ಸ್ವಿಟ್ಜರ್ಲೆಂಡಿನ ಕೂರ್ವಾಸಿಯೆ ಮುದ್ರಣಾಲಯದಲ್ಲಿ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚಾದದ್ದು. ಭೂತಗನ್ನಡಿ ಹಿಡಿದರೆ ಇವರ ಹತ್ತು ರೂಪಾಯಿಯಲ್ಲಿ ಕಂಡದ್ದು ಮಾಮೂಲಿ ಆಫ್‌ಸೆಟ್ ಅಚ್ಚಿನ ಚುಕ್ಕೆಗಳು. ಈ ಚೀಟಿಯ ನಕಲಿಗಳು ಧಾರಾಳ. ಮುಂದೆ ಬೆಂಗಳೂರಿನ ತಜ್ಞರೂ ಹಾಗೆಯೇ ಹೇಳಿದರು. ಅಜ್ಜ ಯಾರನ್ನೋ ನಂಬಿ ಕೊಂಡಿದ್ದಿರಬೇಕು.

ಮಗಳು ಕ್ಯಾಟಲಾಗ್ ನೋಡಿ ಲೆಕ್ಕ ಹಾಕಿದ್ದ ಚೀಟಿಯೊಂದನ್ನೂ ತಂದಿದ್ದಳು. ಮೊತ್ತ ಲಕ್ಷ ದಾಟಿತ್ತು. ಇಲ್ಲಿಯೇ ಬಹಳ ಜನ ಎಡವುವುದು. ಸ್ಟ್ಯಾನ್ಲಿ ಗಿಬ್ಬನ್ಸ್‌ನಂಥ ಕ್ಯಾಟಲಾಗಿನಲ್ಲಿರುವುದು ಆ ಅಂಗಡಿ ಒಳ್ಳೆಯ ಸ್ಥಿತಿಯ ಚೀಟಿಯನ್ನು ಮಾರುವ ದರ, ನಿಮ್ಮಿಂದ ಕೊಳ್ಳುವ ದರವಲ್ಲ. ಅತಿ ಕಡಿಮೆ ಬೆಲೆ ಎಂದು ತೋರಿಸಿರುವುದಂತೂ ಹುಡುಕಿ ತೆಗೆದು ಕೊಡುವ ಕೂಲಿ ಅಷ್ಟೇ. ಅಂಥ ಸಾವಿರ ಚೀಟಿಯ ಬೆಲೆ ಕೂಡಿಸಿದರೆ ಕೂಲಿ ಕೂಡಿಸಿದಂತಾಯಿತು. ಇದರ ಮೇಲೆ ನಮ್ಮ ಧಾರವಾಡದ ಜಿಟಿಜಿಟಿ ಮಳೆ. ತೇವಕ್ಕೆ ಎಷ್ಟೋ ಚೀಟಿಗಳ ಮೇಲೆ ಕಂದು ಚುಕ್ಕೆ ಎದ್ದಿದ್ದವು. ಕೆಲವಕ್ಕೆ ಅಜ್ಜ ಪ್ರೀತಿಯಿಂದ ಸೆಲ್ಲೋಟೇಪ್ ಹಚ್ಚಿದ್ದರು. ಟೇಪ್ ಹಚ್ಚಿದ ಚೀಟಿಯನ್ನು ಗಂಭೀರ ಸಂಗ್ರಾಹಕ ಮುಟ್ಟುವುದಿಲ್ಲ. ವ್ಯಾಪಾರಿ ಹೇಳಿದ 3,000 ಆಲ್ಬಮ್‌ಗಳ ಮಟ್ಟಿಗೆ ತೀರಾ ಅನ್ಯಾಯದ್ದಲ್ಲ ಎಂದು ಹೇಳಲೇಬೇಕಾಯಿತು. ಅವರ ಮುಖ ಸಣ್ಣದಾಯಿತು.

ಮರುದಿನ ಗಂಟು ನೋಡಲು ನಾನೇ ಅವರ ಮನೆಗೆ ಹೋದೆ. ಹುಡುಗಿ ಬುಟ್ಟಿಯಲ್ಲಿ ನೀರು ತುಂಬಿಸಿಟ್ಟುಕೊಂಡು ಕುಳಿತಿದ್ದಳು! ಲಕೋಟೆಗಳನ್ನು ನೆನೆಸಿ ಚೀಟಿ ಬಿಡಿಸುವ ತಯಾರಿ. ಶಾಲೆಯಲ್ಲಿ ನಾವೆಲ್ಲ ಕಲಿತದ್ದೂ ಅದನ್ನೇ. ಸದ್ಯ, ಒಂದೂ ನೀರಿಗೆ ಬಿದ್ದಿರಲಿಲ್ಲ.

ಅಜ್ಜ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದವರು. ಕಚೇರಿ ಖಾಲಿ ಮಾಡುವಾಗ ಎಸೆದದ್ದನ್ನು ಕಟ್ಟಿ ತಂದಿದ್ದರು. ವಿಕ್ಟೋರಿಯಾ ರಾಣಿಯ ಅರ್ಧಾಣೆ ಹಚ್ಚಿದ ಲಕೋಟೆಗಳು, 'ಧಾರವಾರ್' ಎಂಬ ಬ್ರಿಟಿಷರ ಕಾಗುಣಿತದ ದುಂಡು ಠಸ್ಸೆ, ಹೆಸರೇ ಮರೆತುಹೋದ ಹಳ್ಳಿ ಅಂಚೆಮನೆಗಳ ಗುರುತು. ಬಿಡಿಸಿ ತೆಗೆದರೆ ಆ ಅರ್ಧಾಣೆಗೆ ಕಾಸಿನ ಬೆಲೆಯಿಲ್ಲ. ಲಕೋಟೆಯ ಮೇಲಿದ್ದರೆ ಎಲ್ಲಿಂದ, ಯಾವ ದಿನ, ಯಾವ ದಾರಿಯಲ್ಲಿ ಬಂತೆಂಬ ಸಾಕ್ಷಿ ಅದು. ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿ ಧಾರವಾಡದಲ್ಲಿತ್ತು, ಇಂದಿನ ಕರ್ನಾಟಕ ಕಾಲೇಜಿನ ಕಟ್ಟಡವೇ ಅದು. ಆ ಕಾಲದ ರೈಲು ಟಪಾಲಿನ ಠಸ್ಸೆಗಳನ್ನು ಹುಡುಕಿಕೊಂಡು ಬರುವವರಿದ್ದಾರೆ.

ಲಕೋಟೆಗಳ ಕೆಳಗಿದ್ದವು ಸವಣೂರು, ಜಮಖಂಡಿ ಸಂಸ್ಥಾನಗಳ ಕೋರ್ಟ್ ಫೀ ಮುದ್ರೆಯ ಕಾಗದಗಳು. ಹೈದರಾಬಾದಿನ ನಿಜಾಮರಿಗೆ ಸ್ವಂತ ಅಂಚೆ ಚೀಟಿ ಇತ್ತು. ಮೈಸೂರಿಗೆ 1889ರವರೆಗೆ ಸ್ವಂತ ಅಂಚೆ ವ್ಯವಸ್ಥೆಯಿದ್ದರೂ ಅದು ಚೀಟಿ ಅಚ್ಚು ಹಾಕಿಸಲಿಲ್ಲ. ನಮ್ಮ ಸಣ್ಣಪುಟ್ಟ ಸಂಸ್ಥಾನಗಳ ಗುರುತು ಉಳಿದಿರುವುದು ಹೆಚ್ಚಾಗಿ ಇಂಥ ಕೋರ್ಟು-ಕಚೇರಿ ಮುದ್ರೆಗಳಲ್ಲೇ. ವ್ಯಾಪಾರಿಗೆ ಇದು ಗೊತ್ತಿತ್ತು, ಮನೆಯವರಿಗೆ ಗೊತ್ತಿರಲಿಲ್ಲ.

ಮುಂದಿನ ಕೆಲಸ ಮಗಳದು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಕಾಗದಕ್ಕೂ ಒಂದು ನಂಬರು, ಠಸ್ಸೆಯ ಊರು, ತಾರೀಖು, ಹರಿದಿದ್ದರೆ ಅದೂ. ಪ್ರತಿಯೊಂದರ ಎರಡೂ ಬದಿಯ ಫೋಟೋ. ಅಂಚೆ ಕಚೇರಿಯ ಫಿಲಾಟೆಲಿ ಕೌಂಟರ್ ಹೊಸ ಚೀಟಿ ಮಾರುತ್ತದೆಯೇ ಹೊರತು ಹಳೆಯದನ್ನು ಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯನ್ನು ಬೆಂಗಳೂರಿನ ಅಂಚೆ ಚೀಟಿ ಸಂಗ್ರಾಹಕರಿಗೆ ತೋರಿಸಿದೆವು. ಮೂವರ ಅಭಿಪ್ರಾಯ ಪಡೆದೆವು. ಮೂರೂ ಬೇರೆಬೇರೆ, ಆದರೆ ಯಾವುದು ಒಳ್ಳೆಯದೆಂಬುದರಲ್ಲಿ ಒಮ್ಮತವಿತ್ತು. ಹರಾಜಿಗೆ ಕೊಟ್ಟರೆ ಬೆಲೆ ಏರಬಹುದು, ಆದರೆ ಕಮಿಷನ್ ಕಡಿತ, ತಿಂಗಳುಗಟ್ಟಲೆ ಕಾಯುವಿಕೆ. ಫೀ ಕಟ್ಟುವ ದಿನ ಕಾಯುವುದಿಲ್ಲವಲ್ಲ! ಆರಿಸಿದ ಲಕೋಟೆಗಳನ್ನೂ ಮುದ್ರೆ ಕಾಗದಗಳನ್ನೂ ಸಂಗ್ರಾಹಕರಿಗೇ ನೇರವಾಗಿ, ರಸೀದಿ ಪಡೆದು ಮಾರಿದರು.

ಫೀ ಪೂರ್ತಿ ಗಿಟ್ಟಲಿಲ್ಲ. ಅರ್ಧದಷ್ಟು ಬಂತು. ಉಳಿದದ್ದಕ್ಕೆ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದರು.

ಆಲ್ಬಮ್‌ಗಳನ್ನು ಮಾರಲಿಲ್ಲ. ಏಳನೆಯ ತರಗತಿಯ ತಮ್ಮ ಅವುಗಳ ಮೇಲೆ ಕುಳಿತಿದ್ದಾನೆ. ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ ದೀನ ದಯಾಳ್ ಸ್ಪರ್ಶ್ ಯೋಜನೆಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿಗೆ ಈ ಹವ್ಯಾಸಕ್ಕಾಗಿಯೇ ವರ್ಷಕ್ಕೆ 6,000 ರೂಪಾಯಿ ವಿದ್ಯಾರ್ಥಿವೇತನವಿದೆ. ಶಾಲೆಯ ಫಿಲಾಟೆಲಿ ಕ್ಲಬ್ಬಿನ ಸದಸ್ಯತ್ವ ಅಥವಾ ಅಂಚೆ ಕಚೇರಿಯಲ್ಲಿ ಫಿಲಾಟೆಲಿ ಠೇವಣಿ ಖಾತೆ ಬೇಕು, ರಸಪ್ರಶ್ನೆ, ಪ್ರಾಜೆಕ್ಟ್ ಇರುತ್ತವೆ. 2014ರ ಸಂಗೀತಗಾರರ ಚೀಟಿಗಳಲ್ಲಿರುವ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರನ್ನು ಮುಂದಿಟ್ಟುಕೊಂಡು ಹುಡುಗ ಪ್ರಾಜೆಕ್ಟ್ ಶುರು ಮಾಡಿದ್ದಾನೆ.

ಆ ಹತ್ತು ರೂಪಾಯಿಯ ಗಾಂಧೀಜಿ ಇನ್ನೂ ಆಲ್ಬಮಿನಲ್ಲೇ ಇದ್ದಾರೆ. ಕೆಳಗೆ ಪೆನ್ಸಿಲಿನಲ್ಲಿ 'ನಕಲಿ' ಎಂದು ಅಕ್ಕ ಬರೆದಿದ್ದಾಳೆ.