ಮೈದಾನ ಕಂಡು ಕಾಲೇಜು ಆಯುವವರು: ಅಮೆರಿಕದ ಕಾಲೇಜು ಬೇಸ್‌ಬಾಲ್

ನಮ್ಮಲ್ಲಿ ವಿದ್ಯಾರ್ಥಿಯು ಕಾಲೇಜನ್ನು ಹುಡುಕಿಕೊಂಡು ಹೋಗುತ್ತಾನೆ. ಅಮೆರಿಕದಲ್ಲಿ ಚೆನ್ನಾಗಿ ಆಡಬಲ್ಲ ಹುಡುಗನನ್ನು ಕಾಲೇಜೇ ಹುಡುಕಿಕೊಂಡು ಬರುತ್ತದೆ. ಬೇಸ್‌ಬಾಲ್ ತಂಡವುಳ್ಳ ವಿಶ್ವವಿದ್ಯಾಲಯಗಳ ತರಬೇತುದಾರರು ಪ್ರೌಢಶಾಲೆಯ ಪಂದ್ಯಗಳಿಗೂ ಬೇಸಿಗೆಯ ಕೂಟಗಳಿಗೂ ಹೋಗಿ ಆಟಗಾರರನ್ನು ಗುರುತಿಸುತ್ತಾರೆ, ಅವರ ಮನೆಯವರೊಡನೆ ಮಾತಾಡುತ್ತಾರೆ, ತಮ್ಮ ಆವರಣಕ್ಕೆ ಕರೆಸಿಕೊಳ್ಳುತ್ತಾರೆ. ಇದಕ್ಕೆ ಅಲ್ಲಿ ರಿಕ್ರೂಟಿಂಗ್ ಎಂದು ಹೆಸರು. ಕನ್ನಡದ 'ನೇಮಕಾತಿ' ಎಂಬ ಪದ ಇದಕ್ಕೆ ಹೊಂದುವುದಿಲ್ಲ. ನೇಮಕಾತಿಯಲ್ಲಿ ಆರಿಸುವವರು ಒಂದೇ ಕಡೆಯವರು. ಇಲ್ಲಿ ಕಾಲೇಜು ಆಟಗಾರನನ್ನು ಅಳೆಯುತ್ತಿರುವಾಗಲೇ ಆಟಗಾರನೂ ಕಾಲೇಜನ್ನು ಅಳೆಯುತ್ತಿರುತ್ತಾನೆ. ಈ ಎರಡನೆಯ ಅಳತೆಯಲ್ಲಿ ಮೈದಾನ, ಒಳಾಂಗಣ ಅಭ್ಯಾಸಗೃಹ, ವ್ಯಾಯಾಮಶಾಲೆ, ಪ್ರಯೋಗಾಲಯಗಳಿಗೆ ಎಷ್ಟು ತೂಕವಿದೆ, ಏಕಿದೆ ಎಂಬುದು ವಿಚಾರಿಸತಕ್ಕ ಸಂಗತಿ.

ಮೊದಲು ಹಣದ ಲೆಕ್ಕವನ್ನು ತಿಳಿಯಬೇಕು. ಅಮೆರಿಕದ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರ ಮೊದಲ ಶ್ರೇಣಿಯಲ್ಲಿ ಸುಮಾರು 300 ಬೇಸ್‌ಬಾಲ್ ತಂಡಗಳಿವೆ. 2025ರ ಋತುವಿನವರೆಗೆ ಇಂಥ ಒಂದು ತಂಡವು ಕೊಡಬಹುದಾಗಿದ್ದ ಪೂರ್ಣ ವಿದ್ಯಾರ್ಥಿವೇತನಗಳ ಸಂಖ್ಯೆ 11.7 ಮಾತ್ರ. ಈ ಹನ್ನೊಂದು ಚಿಲ್ಲರೆಯನ್ನು ಬಹುಕಾಲ ಇಪ್ಪತ್ತೇಳು ಆಟಗಾರರಿಗೆ ಹಂಚಲಾಗುತ್ತಿತ್ತು. ಸರಾಸರಿ ತೆಗೆದರೆ ಒಬ್ಬೊಬ್ಬನಿಗೆ ಅರ್ಧಕ್ಕಿಂತ ಕಡಿಮೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ದೊಡ್ಡ ತಂಡವೊಂದು 85 ಪೂರ್ಣ ವಿದ್ಯಾರ್ಥಿವೇತನಗಳನ್ನು ಕೊಡುತ್ತಿದ್ದ ಕಾಲದಲ್ಲಿಯೇ ಬೇಸ್‌ಬಾಲ್‌ನ ಹುಡುಗನ ತಂದೆತಾಯಿ ಉಳಿದ ಶುಲ್ಕವನ್ನು ತಮ್ಮ ಕೈಯಿಂದಲೇ ತೆರಬೇಕಿತ್ತು. ಎರಡು ಕಾಲೇಜುಗಳು ಹೆಚ್ಚುಕಡಿಮೆ ಒಂದೇ ಪಾಲನ್ನು ಮುಂದಿಟ್ಟಾಗ ಹಣವು ನಿರ್ಣಯ ಮಾಡಲಾರದು. ಆಗ ಕಣ್ಣಿಗೆ ಕಾಣುವ ವಸ್ತುಗಳು ಮಾತಾಡತೊಡಗುತ್ತವೆ. ವಿದ್ಯಾರ್ಥಿವೇತನಕ್ಕೆ ಮಿತಿಯಿತ್ತು, ಕಟ್ಟಡಕ್ಕೆ ಮಿತಿಯಿರಲಿಲ್ಲ. ಆದ್ದರಿಂದ ಸ್ಪರ್ಧೆಯೆಲ್ಲ ಇಟ್ಟಿಗೆ, ಉಕ್ಕು, ಕೃತಕ ಹುಲ್ಲಿನ ಕಡೆಗೆ ಹರಿಯಿತು.

ಇನ್ನೊಂದು ಕಾರಣ ಹವಾಮಾನ. ಕಾಲೇಜು ಬೇಸ್‌ಬಾಲ್ ಋತುವು ಫೆಬ್ರವರಿಯ ನಡುವಿನಲ್ಲಿ ಆರಂಭವಾಗುತ್ತದೆ. ಆಗ ಫ್ಲೋರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಬಯಲಿನಲ್ಲಿ ಆಡಬಹುದು; ಮಿಷಿಗನ್, ಒಹಾಯೊ, ಮಿನೆಸೋಟಾಗಳಲ್ಲಿ ಮೈದಾನವು ಹಿಮದ ಕೆಳಗಿರುತ್ತದೆ. ಉತ್ತರದ ತಂಡಗಳು ಮೊದಲ ವಾರಗಳ ಪಂದ್ಯಗಳಿಗಾಗಿ ದಕ್ಷಿಣಕ್ಕೆ ಪಯಣಿಸುತ್ತವೆ. ಉತ್ತರದ ವಿಶ್ವವಿದ್ಯಾಲಯಗಳ ಹಳೆಯ ಒಕ್ಕೂಟವಾದ ಬಿಗ್ ಟೆನ್‌ನ ತಂಡವೊಂದು ರಾಷ್ಟ್ರ ಪ್ರಶಸ್ತಿ ಗೆದ್ದದ್ದು ಕೊನೆಯದಾಗಿ 1966ರಲ್ಲಿ, ಒಹಾಯೊ ಸ್ಟೇಟ್. ಅಂಥ ಕಡೆ ಸೂರಿನಡಿಯ ಅಭ್ಯಾಸಗೃಹವು ಆಡಂಬರವಲ್ಲ, ಅಗತ್ಯ. ಚಳಿಗಾಲದಲ್ಲಿ ಚೆಂಡನ್ನು ಪೂರ್ಣ ದೂರಕ್ಕೆ ಎಸೆಯಲು ಸ್ಥಳವಿಲ್ಲದ ಕಾಲೇಜಿಗೆ ಎಸೆತಗಾರನು ಏಕೆ ಬಂದಾನು? ಮಳೆನಾಡಾದ ಆರೆಗನ್‌ನ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯವು 2006, 2007 ಮತ್ತು 2018ರಲ್ಲಿ ರಾಷ್ಟ್ರ ಪ್ರಶಸ್ತಿ ಗೆದ್ದಿರುವುದನ್ನು ನೋಡಿದರೆ ಹವೆಯೊಂದೇ ವಿಧಿಯಲ್ಲವೆಂದು ಹೇಳಬಹುದು.

ಆವರಣದ ಭೇಟಿಯಲ್ಲಿ ಈ ಎಲ್ಲವೂ ಪ್ರದರ್ಶನಕ್ಕೆ ಬರುತ್ತವೆ. 2023ರಲ್ಲಿ ಬಂದ ನಿಯಮದಂತೆ ಹನ್ನೊಂದನೆಯ ತರಗತಿಗೆ ಮುಂಚಿನ ಆಗಸ್ಟ್ 1ರವರೆಗೆ ಮೊದಲ ಶ್ರೇಣಿಯ ತರಬೇತುದಾರರು ಆಟಗಾರನೊಡನೆ ಮಾತಾಡುವಂತಿಲ್ಲ. ಅದಕ್ಕೆ ಮೊದಲು ಮೀಸೆ ಮೂಡದ ಹುಡುಗರೂ ಕಾಲೇಜುಗಳಿಗೆ 'ಮಾತು ಕೊಟ್ಟು' ಬಿಡುತ್ತಿದ್ದರು. ಆ ಮಾತು ಯಾರನ್ನೂ ಕಟ್ಟುವುದಿಲ್ಲ. ಹುಡುಗನೂ ತಪ್ಪಬಹುದು, ಕಾಲೇಜೂ ತಪ್ಪಬಹುದು. ಕರೆಸಿಕೊಂಡ ಹುಡುಗನಿಗೆ ಮೊದಲು ತೋರಿಸುವುದು ತರಗತಿಯನ್ನಲ್ಲ, ಉಡುಪು ಬದಲಿಸುವ ಕೋಣೆಯನ್ನು. ಅಲ್ಲಿ ಅವನ ಹೆಸರು ಬರೆದ ಅಂಗಿಯೊಂದನ್ನು ತೂಗುಹಾಕಿರುವುದೂ ಉಂಟು. ಹದಿನೇಳರ ಹರೆಯದ ಮನಸ್ಸು ಅಲ್ಲಿಯೇ ಅರ್ಧ ಸೋತಿರುತ್ತದೆ.

ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಡೂಡಿ ನೋಬಲ್ ಮೈದಾನವು ಈ ಬಗೆಯ ಆಕರ್ಷಣೆಗೆ ಒಳ್ಳೆಯ ನಿದರ್ಶನ. ಸ್ಟಾರ್ಕ್‌ವಿಲ್ ಎಂಬ ಸಣ್ಣ ಊರಿನಲ್ಲಿರುವ ಈ ಮೈದಾನದ ಎಡ ಅಂಚಿನ ಆಚೆ 1960ರ ದಶಕದಿಂದಲೂ ಅಭಿಮಾನಿಗಳು ತಮ್ಮ ಟ್ರಕ್ಕುಗಳನ್ನು ನಿಲ್ಲಿಸಿಕೊಂಡು, ಒಲೆ ಹೊತ್ತಿಸಿ, ಮಾಂಸ ಸುಡುತ್ತ ಆಟ ನೋಡುತ್ತಿದ್ದರು. 2019ರ ಹೊತ್ತಿಗೆ ಮುಗಿದ ಸುಮಾರು 6.8 ಕೋಟಿ ಡಾಲರ್‌ಗಳ ಪುನರ್ನಿರ್ಮಾಣವು ಆ ಹಳೆಯ ರೂಢಿಯನ್ನು ಅಳಿಸದೆ, ಅದಕ್ಕೇ ಕಟ್ಟೆ ಕಟ್ಟಿಕೊಟ್ಟಿತು. 2023ರ ಏಪ್ರಿಲ್‌ನಲ್ಲಿ ಅಲ್ಲಿ ಒಂದೇ ಪಂದ್ಯಕ್ಕೆ 16,423 ಜನ ಸೇರಿದರು; ಕಾಲೇಜು ಆವರಣದ ಬೇಸ್‌ಬಾಲ್ ಪಂದ್ಯಗಳಲ್ಲಿ ಅದು ದಾಖಲೆ. ಇಷ್ಟು ಜನರ ಮುಂದೆ ಆಡುವ ಆಸೆಯನ್ನು ಯಾವ ಹುಡುಗನಿಗೆ ಬೇಡವೆನ್ನಲು ಬಂದೀತು? ಆದರೆ ಇಲ್ಲಿ ಸೆಳೆಯುವುದು ಕಟ್ಟಡವೋ ಜನವೋ ಎಂದು ಬಿಡಿಸಿ ಹೇಳುವುದು ಕಷ್ಟ.

ಕಟ್ಟಡದ ಆಕರ್ಷಣೆಗಿಂತ ಗಂಭೀರವಾದದ್ದು ಪ್ರಯೋಗಾಲಯದ ಆಕರ್ಷಣೆ. ಬೇಸ್‌ಬಾಲ್‌ನ ಎಸೆತಗಾರನು ಹತ್ತು ಅಂಗುಲ ಎತ್ತರದ ಮಣ್ಣುದಿಬ್ಬದ ಮೇಲೆ ನಿಂತು 60 ಅಡಿ 6 ಅಂಗುಲ ದೂರಕ್ಕೆ ಚೆಂಡನ್ನು ಎಸೆಯುತ್ತಾನೆ. ಕ್ರಿಕೆಟ್ಟಿನ ಬೌಲರನಂತೆ ತೋಳನ್ನು ನೆಟ್ಟಗಿರಿಸುವ ನಿರ್ಬಂಧ ಅವನಿಗಿಲ್ಲ. ಮೊಣಕೈ ಬಾಗಿ, ಚಾಟಿಯಂತೆ ಬಿಚ್ಚಿಕೊಳ್ಳುತ್ತದೆ. ಆ ಸೆಳೆತಕ್ಕೆ ಮೊಣಕೈಯ ಒಳಬದಿಯ ಸ್ನಾಯುಬಂಧ ಹರಿಯುವುದುಂಟು. ಅದನ್ನು ಹೊಸದಾಗಿ ಜೋಡಿಸುವ ಶಸ್ತ್ರಚಿಕಿತ್ಸೆ 1974ರಲ್ಲಿ ಟಾಮಿ ಜಾನ್ ಎಂಬ ಎಸೆತಗಾರನಿಗೆ ಮೊದಲು ನಡೆಯಿತು, ಅವನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಇಂದು ಅದು ಪ್ರೌಢಶಾಲೆಯ ಹುಡುಗರಿಗೂ ನಡೆಯುತ್ತದೆ. ಚೇತರಿಕೆಗೆ ವರ್ಷವೇ ಹಿಡಿಯುತ್ತದೆ. ಎಸೆತಗಾರನ ಮನೆಯವರು ಕಾಲೇಜಿನ ಬಾಗಿಲಲ್ಲಿ ನಿಂತಾಗ ಅವರ ಮನಸ್ಸಿನಲ್ಲಿರುವ ಪ್ರಶ್ನೆ ಇದೇ: ಇವರ ಕೈಯಲ್ಲಿ ಮಗನ ತೋಳು ಉಳಿದೀತೇ?

ಉತ್ತರ ಕ್ಯಾರೊಲೈನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯವು ಈ ಪ್ರಶ್ನೆಗೆ ಉತ್ತರವಾಗಿ 2019ರಲ್ಲಿ ಎಸೆತದ ಪ್ರಯೋಗಾಲಯವೊಂದನ್ನು ತೆರೆಯಿತು. ದಿಬ್ಬದೊಳಗೆ ಹುದುಗಿಸಿದ ಫಲಕಗಳು ಕಾಲು ನೆಲವನ್ನು ಒತ್ತುವ ಬಲವನ್ನು ಅಳೆಯುತ್ತವೆ. ಸುತ್ತಲಿನ ಅತಿವೇಗದ ಕ್ಯಾಮೆರಾಗಳು ಸೊಂಟ, ಭುಜ, ಮೊಣಕೈಗಳು ಯಾವ ಕ್ಷಣದಲ್ಲಿ ಯಾವ ಕ್ರಮದಲ್ಲಿ ತಿರುಗಿದುವೆಂಬುದನ್ನು ದಾಖಲಿಸುತ್ತವೆ. ಮೊಣಕೈಯ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಇದರಿಂದ ಲೆಕ್ಕ ಹಾಕಬಹುದು. 2023ರಲ್ಲಿ ವೇಕ್ ಫಾರೆಸ್ಟ್ ತಂಡವು ನೆಬ್ರಾಸ್ಕಾದ ಒಮಾಹಾ ನಗರದಲ್ಲಿ ನಡೆಯುವ ಅಂತಿಮ ಸುತ್ತನ್ನು 1955ರ ನಂತರ ಮೊದಲ ಸಲ ತಲುಪಿತು. ಟೆನೆಸೀ ವಿಶ್ವವಿದ್ಯಾಲಯದಲ್ಲಿದ್ದ ಚೇಸ್ ಬರ್ನ್ಸ್ ಎಂಬ ಎಸೆತಗಾರ ಆ ವರ್ಷವೇ ವೇಕ್ ಫಾರೆಸ್ಟ್‌ಗೆ ಬಂದ. ಮರುವರ್ಷ, 2024ರಲ್ಲಿ, ಅವನು ಬಿಟ್ಟುಬಂದ ಟೆನೆಸೀ ತಂಡ ರಾಷ್ಟ್ರ ಪ್ರಶಸ್ತಿ ಗೆದ್ದಿತು. ವೇಕ್ ಫಾರೆಸ್ಟ್ ಒಮಾಹಾ ತಲುಪಲಿಲ್ಲ. ಬರ್ನ್ಸ್ ಮಾತ್ರ ವೃತ್ತಿಪರ ತಂಡಗಳ ಆಯ್ಕೆಯಲ್ಲಿ ದೇಶಕ್ಕೇ ಎರಡನೆಯವನಾಗಿ ಸಿನ್ಸಿನಾಟಿ ತಂಡಕ್ಕೆ ಹೋದ. ಆಟಗಾರನ ಹಿತವೂ ತಂಡದ ಹಿತವೂ ಒಂದೇ ದಾರಿಯಲ್ಲಿ ನಡೆಯಬೇಕೆಂದಿಲ್ಲ.

ಸೌಕರ್ಯಗಳೇ ಗೆಲುವನ್ನು ತರುತ್ತವೆಂಬ ವಾದಕ್ಕೆ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಇತಿಹಾಸ ಅಡ್ಡ ನಿಲ್ಲುತ್ತದೆ. ಸ್ಕಿಪ್ ಬರ್ಟ್‌ಮನ್ ಎಂಬ ತರಬೇತುದಾರ 1991, 1993, 1996, 1997 ಮತ್ತು 2000ದಲ್ಲಿ ಐದು ಸಲ ಪ್ರಶಸ್ತಿ ಗೆದ್ದದ್ದು 1938ರ ಹಳೆಯ ಅಲೆಕ್ಸ್ ಬಾಕ್ಸ್ ಕ್ರೀಡಾಂಗಣದಲ್ಲಿ ತಂಡವನ್ನು ಬೆಳೆಸಿ. ಹೊಸ ಕ್ರೀಡಾಂಗಣ ತೆರೆದದ್ದು 2009ರಲ್ಲಿ. ಎಂದರೆ ಮೊದಲು ಗೆಲುವು, ಗೆಲುವಿನ ಹಿಂದೆ ಜನ, ಜನದ ಹಿಂದೆ ಹಣ, ಹಣದ ಹಿಂದೆ ಕಟ್ಟಡ. 2008ರಲ್ಲಿ ಪ್ರಾದೇಶಿಕ ಸುತ್ತಿನ ನಾಲ್ಕು ತಂಡಗಳಲ್ಲಿ ಕೊನೆಯ ಸ್ಥಾನ ಪಡೆದು ಹೊರಟ ಫ್ರೆಸ್ನೊ ಸ್ಟೇಟ್ ರಾಷ್ಟ್ರ ಪ್ರಶಸ್ತಿಯನ್ನೇ ಹೊತ್ತು ತಂದಿತು. ಕುಸ್ತಿ ಬಲ್ಲ ಗಡಿನಾಡಿನ ಓದುಗರಿಗೆ ಇದು ಹೊಸದೆನಿಸಲಾರದು. ಕೊಲ್ಹಾಪುರದ ತಾಲೀಮಿಗೆ ಹೋಗುವ ಹುಡುಗ ಮಣ್ಣನ್ನೂ ನೋಡುತ್ತಾನೆ, ವಸ್ತಾದನನ್ನೂ ನೋಡುತ್ತಾನೆ. ಹಿರಿಯರು ಮಾತ್ರ ವಸ್ತಾದ ಯಾರೆಂದೇ ಮೊದಲು ಕೇಳುತ್ತಾರೆ.

ಕಟ್ಟಡದ ಹಣ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಹಳೆಯ ವಿದ್ಯಾರ್ಥಿಗಳ ದೇಣಿಗೆಯೂ ಫುಟ್‌ಬಾಲ್‌ನ ಆದಾಯವೂ ಇವೆ. ನಡುಮಟ್ಟದ ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಕ್ರೀಡೆಯ ಖರ್ಚಿನ ಒಂದು ಭಾಗ ಎಲ್ಲ ವಿದ್ಯಾರ್ಥಿಗಳ ಶುಲ್ಕದಲ್ಲಿ ಸೇರಿರುತ್ತದೆ. ಎಂದೂ ಚೆಂಡು ಮುಟ್ಟದವನೂ ಮೈದಾನದ ಹುಲ್ಲಿಗೆ ಹಣ ಕೊಡುತ್ತಾನೆ. ಕೈ ಬಿಗಿಯಾದಾಗ ಮೊದಲು ಹೋಗುವುದು ಆದಾಯವಿಲ್ಲದ ಆಟ: ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯವು ದಶಕಗಳ ನಂತರ 2020ರಲ್ಲಿ ಬೇಸ್‌ಬಾಲನ್ನು ಮತ್ತೆ ಆರಂಭಿಸಿ, ಕೋವಿಡ್ ಬಂದೊಡನೆ ಅದೇ ವರ್ಷ ನಿಲ್ಲಿಸಿತು. ಆ ಕಾಲೇಜನ್ನು ನಂಬಿ ಬಂದಿದ್ದ ಹುಡುಗರು ಬೇರೆ ತಂಡಗಳನ್ನು ಹುಡುಕಬೇಕಾಯಿತು.

2025ರ ಜೂನ್‌ನಲ್ಲಿ ನ್ಯಾಯಾಲಯವು ಒಪ್ಪಿದ ರಾಜಿಯೊಂದು ಈ ಲೆಕ್ಕವನ್ನೆಲ್ಲ ಬದಲಿಸಿದೆ. ಅದನ್ನು ಒಪ್ಪಿಕೊಂಡ ಕಾಲೇಜುಗಳಿಗೆ 11.7ರ ಮಿತಿ ಈಗಿಲ್ಲ. ಬದಲಿಗೆ ಒಂದು ತಂಡದಲ್ಲಿ 34 ಆಟಗಾರರಿಗಿಂತ ಹೆಚ್ಚು ಇರುವಂತಿಲ್ಲ, ಆ 34 ಮಂದಿಗೂ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು. ಆಟಗಾರರಿಗೆ ನೇರವಾಗಿ ಹಣ ಕೊಡಲೂ ಅವಕಾಶವಾಗಿದೆ. ಕಟ್ಟಡಕ್ಕೆ ಹೋಗುತ್ತಿದ್ದ ಡಾಲರ್ ಈಗ ಆಟಗಾರನ ಕೈಗೂ ಹೋಗಬಹುದು, ಆಯ್ಕೆಯಲ್ಲಿ ಮೈದಾನದ ತೂಕ ಇಳಿಯಲೂಬಹುದು. ಅದೇ ವೇಳೆಗೆ ಅನುಮತಿಗಾಗಿ ಕಾಯದೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಬಂದಿರುವುದರಿಂದ, ಇಪ್ಪತ್ತೊಂದರ ಅನುಭವಿ ಆಟಗಾರನೇ ಸಿಗುವಾಗ ಹದಿನೆಂಟರ ಹೊಸಬನಿಗೆ ಜಾಗ ಕಿರಿದಾಗಿದೆ. ಇಂದು ಆವರಣ ನೋಡಲು ಹೋಗುವ ಕುಟುಂಬವು ಪ್ರಯೋಗಾಲಯದ ಯಂತ್ರಗಳನ್ನು ನೋಡಿ ಬೆರಗಾದ ಮೇಲೆ ಕೇಳಬೇಕಾದ ಪ್ರಶ್ನೆಗಳು ಸರಳ: ಕಳೆದ ವರ್ಷ ಈ ದಿಬ್ಬದ ಮೇಲೆ ಮೊದಲ ವರ್ಷದ ಹುಡುಗರು ಎಷ್ಟು ಜನ ನಿಂತರು? ಅವರಲ್ಲಿ ಎಷ್ಟು ಜನ ಈಗಲೂ ಇಲ್ಲಿದ್ದಾರೆ?