ಕೊಳ್ಳುವ ಮುನ್ನ ಕೇಳಿ: ಹೆಡ್‌ಫೋನ್ ಆಯ್ಕೆಯ ಬಗೆ

2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಧ್ವನಿ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಎದುರಿಗಿಟ್ಟುಕೊಂಡು, ಬೆಲೆ ಏರಿದಂತೆ ಅವುಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್ ಬದಲಾಗುತ್ತದೆಯೇ ಎಂದು ಹುಡುಕಿದರು. ಎರಡಕ್ಕೂ ನಂಟೇ ಕಾಣಲಿಲ್ಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಎಂದರೆ ಮಂದ್ರದ ಗುಡುಗಿನಿಂದ ತಾಳದ ಕಿಣಿಕಿಣಿಯವರೆಗೆ ಯಾವ ಸದ್ದನ್ನು ಹೆಡ್‌ಫೋನು ಎಷ್ಟು ಎತ್ತಿ, ಎಷ್ಟು ತಗ್ಗಿಸಿ ಕೇಳಿಸುತ್ತದೆ ಎಂಬುದರ ನಕ್ಷೆ. ಹೆಡ್‌ಫೋನಿನ ಗುಣದಲ್ಲಿ ದೊಡ್ಡ ಪಾಲು ಈ ನಕ್ಷೆಯದೇ.

ಹಾಗೆಂದು ಎರಡು ಸಾವಿರದ್ದೂ ಐವತ್ತು ಸಾವಿರದ್ದೂ ಒಂದೇ ಎಂದು ತಿಳಿಯಬೇಕಿಲ್ಲ. ದುಬಾರಿ ಹೆಡ್‌ಫೋನಿನಲ್ಲಿ ತಲೆಗೆ ಹಿತವಾದ ಪಟ್ಟಿ, ಬದಲಾಯಿಸಬಹುದಾದ ಕೇಬಲ್ಲು, ವರ್ಷಗಟ್ಟಲೆ ಸಿಗುವ ಬಿಡಿಭಾಗ ಇರಬಹುದು; ಒಳ್ಳೆಯ ಸದ್ದೂ ಇರಬಹುದು. ಆದರೆ ಬೆಲೆಚೀಟಿ ನೋಡಿ ಸದ್ದನ್ನು ಊಹಿಸಲಾಗದು. ಹಾಗಾಗಿ ಎಷ್ಟು ದುಡ್ಡು ಎಂಬ ಪ್ರಶ್ನೆಯನ್ನು ಕೊನೆಗಿಟ್ಟು, ಎಲ್ಲಿ ಕೂತು ಕೇಳುತ್ತೀರಿ, ಏನನ್ನು ಕೇಳುತ್ತೀರಿ, ಯಾವುದಕ್ಕೆ ಸಿಕ್ಕಿಸಿ ಕೇಳುತ್ತೀರಿ ಎಂಬ ಮೂರನ್ನು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಜಾಗದ ಮಾತು ಸುಲಭ. ಜರ್ಮನಿಯ ಸೆನ್‌ಹೈಸರ್ ಕಂಪನಿ 1968ರಲ್ಲಿ ಎಚ್‌ಡಿ 414 ಎಂಬ ಹೆಡ್‌ಫೋನ್ ತಂದಿತು. ಕಿವಿಯ ಮೇಲೆ ಕೂರುವ ಹಳದಿ ಸ್ಪಂಜು, ಬೆನ್ನು ಮುಚ್ಚದ ಬಟ್ಟಲು. ಓಪನ್ ಬ್ಯಾಕ್ ಎಂಬ ಜಾತಿ ಮಾರುಕಟ್ಟೆಗೆ ಬಂದದ್ದು ಅಲ್ಲಿಂದ. ಬೆನ್ನು ತೆರೆದಿದ್ದರೆ ಸದ್ದು ಬಟ್ಟಲಿನೊಳಗೆ ಪ್ರತಿಧ್ವನಿಸದೆ ಹೊರಗೆ ಹೋಗುತ್ತದೆ. ಹಾಡು ತಲೆಯೊಳಗೆ ಒತ್ತಿಕೊಂಡಂತೆ ಅನಿಸದೆ ಕಿವಿಯ ಸುತ್ತ ಹರಡುತ್ತದೆ. ಅದೇ ಬಾಗಿಲಿನಿಂದ ಹೊರಗಿನ ಕುಕ್ಕರ್ ಸೀಟಿ, ತರಕಾರಿ ಗಾಡಿಯ ಕೂಗು ಒಳಗೂ ಬರುತ್ತದೆ. ಪಕ್ಕದಲ್ಲಿ ಮಲಗಿದವರಿಗೂ ನಿಮ್ಮ ರಾಗ ಕೇಳುತ್ತದೆ. ರಾತ್ರಿ ಒಬ್ಬರೇ ಕೂರುವ ಕೋಣೆಯಿದ್ದರೆ ಓಪನ್ ಬ್ಯಾಕಿಗಿಂತ ಸುಖವಾದದ್ದು ಇನ್ನೊಂದಿಲ್ಲ. ಬಸ್ಸು, ಮೆಟ್ರೋ, ಆಫೀಸಿಗೆ ಅದು ದಂಡ.

ಗದ್ದಲದ ಜಾಗಕ್ಕೆ ಕ್ಲೋಸ್ಡ್ ಬ್ಯಾಕ್ ಅಥವಾ ಕಿವಿಯೊಳಗೆ ಕೂರುವ ಇನ್-ಇಯರ್ ಬೇಕು. ಕ್ಲೋಸ್ಡ್ ಬ್ಯಾಕಿನಲ್ಲಿ ಬೇಸ್ ನಿಲ್ಲುವುದು ದಿಂಬು ಕಿವಿಯ ಸುತ್ತ ಸಂದಿಲ್ಲದೆ ಕೂತಾಗ ಮಾತ್ರ. ಕನ್ನಡಕದ ಕಡ್ಡಿ ಅಲ್ಲೊಂದು ಸಂದು ಮಾಡುತ್ತದೆ. ಕನ್ನಡಕ ಹಾಕುವವರು ಅಂಗಡಿಯಲ್ಲಿ ಅದನ್ನು ಹಾಕಿಕೊಂಡೇ ಕೇಳಿ ನೋಡಬೇಕು. ಮಂಗಳೂರು, ಕಾರವಾರದ ಸೆಕೆಯಲ್ಲಿ ಕೃತಕ ಚರ್ಮದ ದಿಂಬು ಬೆವರು ಕುಡಿದು ಸಿಪ್ಪೆ ಬಿಡುವುದು ಮಾಮೂಲು. ದಿಂಬು ಬಿಡಿಯಾಗಿ ಸಿಗುವ ಮಾಡೆಲ್ಲೇ ಅಲ್ಲಿಗೆ ಸರಿ. ಇನ್-ಇಯರ್‌ಗೆ ಈ ಎರಡೂ ತಾಪತ್ರಯವಿಲ್ಲ, ಆದರೆ ರಬ್ಬರ್ ಟಿಪ್ಪಿನ ಅಳತೆ ಸರಿಹೋಗಬೇಕು. ‘ಬೇಸೇ ಇಲ್ಲ’ ಎಂದು ಹಿಂದಿರುಗಿಸುವ ಎಷ್ಟೋ ಇನ್-ಇಯರ್‌ಗಳಲ್ಲಿ ದೋಷ ಟಿಪ್ಪಿನದು. ಡಬ್ಬಿಯಲ್ಲಿ ಮೂರು ಅಳತೆಯವು ಇರುತ್ತವೆ. ಎಡಕ್ಕೊಂದು ಬಲಕ್ಕೊಂದು ಬೇರೆ ಅಳತೆ ಬೇಕಾದರೂ ಅಚ್ಚರಿಪಡಬೇಡಿ.

ನಾಯ್ಸ್ ಕ್ಯಾನ್ಸಲಿಂಗ್ ಮೂರನೆಯ ದಾರಿ. ಬಂಗಾಳಿ ಮೂಲದ ಅಮೆರಿಕನ್ ಎಂಜಿನಿಯರ್ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಅಮೆರಿಕಕ್ಕೆ ಮರಳುವ ವಿಮಾನದಲ್ಲಿ, ಎಂಜಿನ್ ಸದ್ದಿನ ನಡುವೆ ಹಾಡು ಕೇಳಲಾಗದೆ, ಇದರ ಲೆಕ್ಕ ಶುರುಮಾಡಿದರು. ಹೊರಗಿನ ಸದ್ದನ್ನು ಮೈಕು ಹಿಡಿದು, ಅದರ ತದ್ವಿರುದ್ಧ ಅಲೆಯನ್ನು ಒಳಗೆ ನುಡಿಸಿ ಎರಡನ್ನೂ ಅಳಿಸುವ ಉಪಾಯ ಅದು. ಎಂಜಿನ್, ಫ್ಯಾನಿನಂಥ ಒಂದೇ ಸಮನೆಯ ಮೊರೆತದ ಮೇಲೆ ಚೆನ್ನಾಗಿ ನಡೆಯುತ್ತದೆ. ಹಾರ್ನು, ಹರಟೆಯ ಮೇಲೆ ಅಷ್ಟು ನಡೆಯುವುದಿಲ್ಲ. ದೂರ ಪ್ರಯಾಣ ಹೆಚ್ಚಿರುವವರು ಇದಕ್ಕೆ ದುಡ್ಡು ಹಾಕಲಿ. ಮನೆಯಲ್ಲೇ ಕೇಳುವವರಿಗೆ ಇದು ಬೇಡದ ಖರ್ಚು.

ಇನ್ನು ಏನನ್ನು ಕೇಳುತ್ತೀರಿ ಎಂಬುದು. ಜಾಹೀರಾತುಗಳು ಮುಟ್ಟದ ಪ್ರಶ್ನೆ ಇದು.

ತಂಬೂರಿಯನ್ನೇ ತೆಗೆದುಕೊಳ್ಳಿ. ಗಂಡುದನಿಯ ಗಾಯಕರೊಬ್ಬರು ಹಾರ್ಮೋನಿಯಂನ ಕಪ್ಪು ಒಂದಕ್ಕೆ ಶ್ರುತಿ ಇಟ್ಟರೆ ಅವರ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಮಂದ್ರ ಷಡ್ಜದ ತಂತಿ ಅದರರ್ಧ, ಸುಮಾರು 69. ಸರ್ ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ತಂಬೂರಿಯ ಒಂದು ವಿಚಿತ್ರವನ್ನು ಗುರುತಿಸಿದ್ದರು: ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಮೇಲಂಶ (ಹಾರ್ಮೋನಿಕ್) ಹುಟ್ಟಬಾರದೋ, ತಂಬೂರಿಯಲ್ಲಿ ಅದೂ ಕೇಳುತ್ತದೆ. ಅಗಲವಾಗಿ ಬಾಗಿದ ಕುದುರೆ, ಅದರ ಮೇಲಿನ ಜೀವಾಳದ ನೂಲು ಮಾಡುವ ಕೆಲಸ ಅದು. ಮಂದ್ರ ಷಡ್ಜದ ತಂತಿ ನುಡಿದಾಗ ಯಾರೂ ಮೀಟದ ಗಾಂಧಾರ ತೇಲಿ ಬರುತ್ತದೆಯಲ್ಲ, ಸಂಗೀತಗಾರರು ಸ್ವಯಂಭೂ ಗಾಂಧಾರ ಎನ್ನುವುದು, ಅದು ಆ ತಂತಿಯ ಐದನೆಯ ಮೇಲಂಶ: ಐದು ಪಾಲು 69, ಸುಮಾರು 346 ಹರ್ಟ್ಸ್.

ಈಗ ‘ಎಕ್ಸ್‌ಟ್ರಾ ಬೇಸ್’ ಎಂದು ಬರೆದುಕೊಂಡ ಹೆಡ್‌ಫೋನನ್ನು ಯೋಚಿಸಿ. ಇಂಥವು ಕೆಳಗಿನಿಂದ ಇನ್ನೂರು, ಇನ್ನೂರೈವತ್ತು ಹರ್ಟ್ಸ್‌ವರೆಗಿನ ಪಟ್ಟೆಯನ್ನೇ ಉಬ್ಬಿಸುತ್ತವೆ. ಕುಣಿಯುವ ಚಿತ್ರಗೀತೆಗೆ ಅದರಿಂದ ಹುರುಪು ಬರುತ್ತದೆ, ತಕರಾರಿಲ್ಲ. ಅದೇ ಉಬ್ಬು ಖಯಾಲಿನಲ್ಲಿ ಗಾಯಕರ ಷಡ್ಜದ ಮೇಲೇ ಬಂದು ಕೂರುತ್ತದೆ. ತಂಬೂರಿ ಗುಂಯ್ ಎನ್ನುವ ಮುದ್ದೆಯಾಗುತ್ತದೆ, ಗಾಂಧಾರ ಮುಳುಗುತ್ತದೆ, ತಬಲಾ ಜೋಡಿಯ ಡಗ್ಗಾದ ಮೀಂಡು ಬರೀ ಗುದ್ದಾಗುತ್ತದೆ. ಗಂಗೂಬಾಯಿ ಹಾನಗಲ್ ಅವರ ತಗ್ಗಿನ, ಗಟ್ಟಿ ದನಿಗೆ ಇಂಥ ಹೆಡ್‌ಫೋನು ಮಾಡುವ ಅನ್ಯಾಯ ಸಣ್ಣದಲ್ಲ. ಶಾಸ್ತ್ರೀಯ ಸಂಗೀತ, ಸುಗಮ ಸಂಗೀತ, ಮಾತು ಕೇಳುವವರು ನಡುಭಾಗ ಸಮನಾಗಿರುವ ಹೆಡ್‌ಫೋನನ್ನೇ ಹುಡುಕಬೇಕು. ಬೇಸ್ ತುಸು ಕಡಿಮೆ ಅನಿಸಿದರೂ ಚಿಂತೆಯಿಲ್ಲ.

ಹಳೆಯ ಧ್ವನಿಮುದ್ರಿಕೆ ಕೇಳುವವರಿಗೆ ಇನ್ನೊಂದು ಮಾತು. 1925ರ ಆಸುಪಾಸಿನಲ್ಲಿ ವಿದ್ಯುತ್ ಮೈಕು ಬರುವವರೆಗೆ ಹಾಡುವವರು ಒಂದು ಕೊಂಬಿನೊಳಗೆ ಹಾಡಬೇಕಿತ್ತು. ಆ 78 ಆರ್‌ಪಿಎಂ ತಟ್ಟೆಗಳಲ್ಲಿ ಎರಡೂವರೆ ಮೂರು ಸಾವಿರ ಹರ್ಟ್ಸ್‌ಗಿಂತ ಮೇಲೆ ಸಂಗೀತ ಸಿಕ್ಕುವುದು ಅಪರೂಪ. ಅದರಾಚೆ ಇರುವುದು ಮುಳ್ಳಿನ ಕರಕರ. ಟ್ರೆಬಲ್ ಚುರುಕಾದ ಹೆಡ್‌ಫೋನ್ ಆ ಕರಕರವನ್ನೇ ಹೆಕ್ಕಿ ಕೊಡುತ್ತದೆ. ಗ್ರಾಮಫೋನ್ ಕಾಲದ ಸಂಗ್ರಹ ಇಟ್ಟುಕೊಂಡವರಿಗೆ ಮೆತ್ತನೆಯ, ಅಗ್ಗದ ಹೆಡ್‌ಫೋನೇ ಹೆಚ್ಚು ಒಗ್ಗೀತು.

ಸಮನಾದ ಸದ್ದು ಎಂದರೇನು ಎನ್ನುವುದೂ ಸರಳವಲ್ಲ. ನಮ್ಮ ಕಿವಿಯ ನಾಳ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನೇ ಎತ್ತಿ ಪೊರೆಗೆ ಮುಟ್ಟಿಸುತ್ತದೆ. ಸ್ಪೀಕರಿನಿಂದ ಬಂದಾಗ ಹೊರಗಿವಿ, ನಾಳ ಎರಡೂ ಈ ಕೆಲಸ ಮಾಡುತ್ತವೆ. ಹೆಡ್‌ಫೋನು ಹೊರಗಿವಿಯನ್ನು ಮುಚ್ಚಿದಾಗ, ಇನ್-ಇಯರ್ ನಾಳಕ್ಕೇ ನುಗ್ಗಿದಾಗ, ಆ ಏರಿಕೆ ಕೆಡುತ್ತದೆ. ಅದನ್ನು ಯಂತ್ರವೇ ತುಂಬಿಕೊಡಬೇಕು. ಎಷ್ಟು ತುಂಬಬೇಕೆಂದು ಹರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತವರ ಸಂಗಡಿಗರು 2012ರಿಂದೀಚೆಗೆ ಕೇಳುಗರನ್ನು ಕೂರಿಸಿ ಪರೀಕ್ಷಿಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿದ ಹಾಗಿದ್ದರೆ ಬಹುಪಾಲು ಜನಕ್ಕೆ ಹಿಡಿಸುತ್ತದೆ ಎಂದು ಹೊರಬಿತ್ತು. ವಿಮರ್ಶೆಗಳಲ್ಲಿ ‘ಹರ್ಮನ್ ಟಾರ್ಗೆಟ್’ ಎಂದು ಬರುವುದು ಈ ಪರೀಕ್ಷೆಗಳಿಂದ ಹುಟ್ಟಿದ ನಕ್ಷೆಯೇ. ಇಂದು ಎರಡು ಸಾವಿರದ ಇನ್-ಇಯರ್‌ಗಳು ಚೆನ್ನಾಗಿರಲು ಮುಖ್ಯ ಕಾರಣ, ಚೀನಾದ ಸಣ್ಣ ಕಂಪನಿಗಳು ಇಂಥ ನಕ್ಷೆಗಳನ್ನು ಎದುರಿಗಿಟ್ಟುಕೊಂಡು ಶ್ರುತಿ ಮಾಡತೊಡಗಿದ್ದು.

ಯಾವುದಕ್ಕೆ ಸಿಕ್ಕಿಸುತ್ತೀರಿ ಎಂಬಲ್ಲಿ ಓಮ್, ಅಂದರೆ ಹೆಡ್‌ಫೋನು ಕರೆಂಟಿಗೆ ಒಡ್ಡುವ ತಡೆಯ, ಲೆಕ್ಕ ಬರುತ್ತದೆ. ಫೋನಿಗೆ ಹಾಕುವ ಚಿಕ್ಕ ಡಾಂಗಲ್ ಸಾಮಾನ್ಯವಾಗಿ ಒಂದು ವೋಲ್ಟ್ ಆಚೀಚೆ ಕೊಡುತ್ತದೆ. ಒಂದು ವೋಲ್ಟು 32 ಓಮಿನ ಹೆಡ್‌ಫೋನಿಗೆ ಸುಮಾರು 31 ಮಿಲಿವ್ಯಾಟ್ ತುಂಬುತ್ತದೆ. 300 ಓಮಿನದಕ್ಕೆ ಮೂರು ಚಿಲ್ಲರೆ ಮಾತ್ರ. ಇತ್ತೀಚಿನ ಚಿತ್ರಗೀತೆಗಳನ್ನು ಜೋರಾಗಿಯೇ ಮುದ್ರಿಸಿರುವುದರಿಂದ ಆ ಮೂರು ಸಾಕು. ಆಲಾಪ ಮೆಲ್ಲಗೆ ಶುರುವಾಗುವ ಕಚೇರಿಯ ಧ್ವನಿಮುದ್ರಣಕ್ಕೆ ಸಾಲದೆ ಬಂದು, ಒಂದು ಆಂಪ್ ಬೇಕೆನಿಸಬಹುದು. ಓಮ್ ಒಂದನ್ನೇ ನೋಡಿದರೂ ಸಾಲದು. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಬರೀ 32 ಓಮ್. ಆದರೆ ಸಂವೇದನೆ, ಅಂದರೆ ಅಷ್ಟೇ ಶಕ್ತಿ ಕೊಟ್ಟಾಗ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು, 91 ಡೆಸಿಬೆಲ್. ಸೋನಿ ಎಂಡಿಆರ್-7506 63 ಓಮ್, 106 ಡೆಸಿಬೆಲ್. ಎರಡರಲ್ಲಿ ಫೋನಿನ ಗೆಳೆಯ ಸೋನಿಯೇ. ಬೇಯರ್‌ಡೈನಮಿಕ್ ಡಿಟಿ 770 ಪ್ರೊ 32, 80, 250 ಓಮ್ ಎಂದು ಮೂರು ಬಗೆಯಲ್ಲಿ ಸಿಗುತ್ತದೆ. ಫೋನಿಗೆಂದು ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿ ಓದದೆ 250 ತಂದುಕೊಳ್ಳಬಾರದು.

ಬ್ಲೂಟೂತ್ ಬೇಕೇ? ಸಿ.ಡಿ.ಯ ದತ್ತ ಸೆಕೆಂಡಿಗೆ 1,411 ಕಿಲೋಬಿಟ್; ಸೋನಿಯ ಎಲ್‌ಡ್ಯಾಕ್ ಎಂಬ ಬ್ಲೂಟೂತ್ ಕೊಡೆಕ್ ಹೆಚ್ಚೆಂದರೆ 990 ಸಾಗಿಸುತ್ತದೆ. ನಡೆಯುತ್ತ, ಅಡುಗೆ ಮಾಡುತ್ತ ಕೇಳುವಾಗ ಈ ವ್ಯತ್ಯಾಸ ಕಿವಿಗೆ ಬೀಳದು. ನನ್ನ ತಕರಾರು ಬ್ಯಾಟರಿಯ ಬಗ್ಗೆ. ಮೊಳೆಗಾತ್ರದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ, ಅದರೊಂದಿಗೆ ಇಡೀ ಸಾಧನವೂ ಕಸ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಇಂದಿಗೂ ತಯಾರಾಗುತ್ತಿದೆ. ದಿಂಬು, ಕೇಬಲ್ಲು, ಜಾಲರಿ, ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಕಡೆಗೆ ದುಡ್ಡು. ಆಮದು ಸುಂಕ, ಡಾಲರ್ ದರದ ಜೊತೆ ಏರಿಳಿಯುವ ಅಂದಾಜು ಇದು. ಎರಡು ಸಾವಿರದೊಳಗೆ ತಂತಿಯ ಇನ್-ಇಯರ್ ಬಿಟ್ಟು ಬೇರೇನೂ ಬೇಡ. ಮೂನ್‌ಡ್ರಾಪ್ ಚೂ, ಸೆವೆನ್ ಹರ್ಟ್ಸ್ ಝೀರೋದಂಥವು ಆ ಬೆಲೆಗೆ ಒಂದು ಬೆರಗು. ವಿದ್ಯಾರ್ಥಿಗೆ ಇಷ್ಟು ಸಾಕು, ಹಿರಿಯರಿಗೂ ಸಾಕಾದೀತು. ಹತ್ತು ಸಾವಿರದ ಆಸುಪಾಸು ಬಂದರೆ ಸದ್ದು ಹೊರಬಿಡದ ಕೆಲಸಕ್ಕೆ ಎಂಡಿಆರ್-7506, ಮೌನದ ಕೋಣೆಗೆ ಎಚ್‌ಇ400ಎಸ್‌ಇ. ಎರಡನೆಯದರಲ್ಲಿ ಕೋನಿನ ಬದಲು ತೆಳುಹಾಳೆಯಿಡೀ ಆಯಸ್ಕಾಂತಗಳ ಎದುರು ಕಂಪಿಸುತ್ತದೆ. ಈ ಪ್ಲೇನಾರ್ ತಂತ್ರವನ್ನು ಯಮಹಾ 1976ರಲ್ಲೇ ಎಚ್‌ಪಿ-1ರಲ್ಲಿ ತಂದಿತ್ತು. ಮೂವತ್ತು ಸಾವಿರದ ಆಚೀಚೆ ಎಚ್‌ಡಿ 600 ಇದೆ. ಮನುಷ್ಯನ ದನಿಗೆ ಇದಕ್ಕಿಂತ ನೆಚ್ಚಬಹುದಾದ್ದು ಕಡಿಮೆ, ನಾನು ನಿಲ್ಲಿ ಎನ್ನುವುದೂ ಇಲ್ಲೇ. ಅದರಾಚೆ ಲಕ್ಷಗಳ ಲೋಕ. ಅಮೃತಶಿಲೆಯ ಪೀಠದ ಮೇಲೆ ಕೂರುವ ಸೆನ್‌ಹೈಸರ್ ಎಚ್‌ಇ 1 2015ರಲ್ಲಿ ಐವತ್ತು ಸಾವಿರ ಯೂರೊ ಆಸುಪಾಸಿಗೆ ಬಂತು. ಅದನ್ನು ಕೊಳ್ಳುವವರಿಗೆ ಈ ಕಿರುಹೊತ್ತಿಗೆಯ ಅಗತ್ಯವಿರಲಾರದು.

ಖರ್ಚು ಮಾಡಬಾರದ ಕಡೆಗಳೂ ಇವೆ. ಡಬ್ಬಿಯ ಮೇಲಿನ ಚಿನ್ನದ ಬಣ್ಣದ ‘ಹೈ-ರೆಸ್’ ಮುದ್ರೆಗೆ ಹೆಡ್‌ಫೋನು 40,000 ಹರ್ಟ್ಸ್ ಮುಟ್ಟಬೇಕಂತೆ. ಎಳೆಯ ಕಿವಿ ಕೇಳುವುದೇ 20,000ದವರೆಗೆ, ಐವತ್ತು ದಾಟಿದವರಿಗೆ ಅದರಲ್ಲೂ ಬಹಳಷ್ಟು ಖೋತಾ. ಬೆಳ್ಳಿ ಕೇಬಲ್ಲು ಕೈಗೆ ಚಂದ, ಕಿವಿಗೆ ಅಷ್ಟಕ್ಕಷ್ಟೆ. ಆ ದುಡ್ಡಿಗೆ ಹೊಸ ದಿಂಬು ಹಾಕಿಸಿ; ನಿಜವಾಗಿ ಸದ್ದು ಬದಲಾಗುವುದು ಅಲ್ಲಿ.

ಕಿವಿಯ ಲೆಕ್ಕವೂ ಬಜೆಟ್ಟಿನಲ್ಲಿ ಸೇರಲಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್, ಮಕ್ಕಳಿಗೆ 75. ಮೂರು ಡೆಸಿಬೆಲ್ ಏರಿದರೆ ಹೊತ್ತು ಅರ್ಧ. ಬಸ್ಸಿನಲ್ಲಿ ಓಪನ್ ಬ್ಯಾಕ್ ಹಾಕಿದವರು ಗದ್ದಲವನ್ನು ಮೀರಿಸಲು ವಾಲ್ಯೂಮ್ ಎತ್ತುತ್ತ 90 ದಾಟಿಬಿಡುತ್ತಾರೆ, ಅಲ್ಲಿಗೆ ವಾರದ ಪಡಿ ನಾಲ್ಕು ಗಂಟೆಗಿಳಿಯುತ್ತದೆ.

ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ವಾಲ್ಯೂಮ್ ಸರಿಸಮ ಮಾಡಿಸಿ. ಒಂದೆರಡು ಡೆಸಿಬೆಲ್ ಜೋರಾಗಿರುವುದು ಯಾವಾಗಲೂ ‘ಚೆನ್ನಾಗಿ’ ಕೇಳುತ್ತದೆ, ಮಾರುವವರಿಗೆ ಇದು ಗೊತ್ತು. ಅವರ ಡೆಮೊ ಹಾಡು ಬಿಟ್ಟು ನಿಮಗೆ ಬಾಯಿಪಾಠವಾದದ್ದನ್ನೇ ಹಾಕಿಸಿ, ಕಾಲು ಗಂಟೆಯಾದರೂ ತಲೆಯ ಮೇಲಿರಲಿ. ನೆತ್ತಿ ಒತ್ತುವುದು, ಕಿವಿ ಬಿಸಿಯಾಗುವುದು ಆಮೇಲೇ ತಿಳಿಯುವುದು. ಆನ್‌ಲೈನಿನಲ್ಲಿ ತರಿಸಿದ್ದರೆ ಹಿಂದಿರುಗಿಸುವ ಗಡುವಿನೊಳಗೆ, ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲದ ಯಾವುದಾದರೂ ಮೋನೋ ಹಾಡು ಹಾಕಿ. ಮೋನೋದಲ್ಲಿ ಎರಡು ಕಿವಿಗೂ ಹೋಗುವುದು ಒಂದೇ ಸದ್ದು, ಆದ್ದರಿಂದ ದನಿ ಹಣೆಯ ನಟ್ಟನಡುವೆ ನಿಲ್ಲಬೇಕು. ಒಂದು ಪಕ್ಕಕ್ಕೆ ವಾಲಿದರೆ ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ದನಿ ಮೊದಲಿನ ಪಕ್ಕಕ್ಕೇ ವಾಲಿದರೆ ವ್ಯತ್ಯಾಸ ನಿಮ್ಮ ಕಿವಿಯದು. ಆಚೆ ಪಕ್ಕಕ್ಕೆ ಹೋದರೆ ದೋಷ ಫೋನು ಅಥವಾ ಹೆಡ್‌ಫೋನಿನದು, ಇನ್ನೊಂದು ಫೋನಿಗೆ ಸಿಕ್ಕಿಸಿದಾಗಲೂ ಹಾಗೇ ಇದ್ದರೆ ಡಬ್ಬಿ ಕಟ್ಟಿ ವಾಪಸ್ ಕಳಿಸಿ.